ಅಪ್‌ಡೇಟ್: ಗಣಿತದ ಜೊತೆ ಕಂಪೋಸಿಷನ್ ಮೈನರ್ ತಗೊಂಡೆ

ದಾವಣಗೆರೆಯಿಂದ ಮತ್ತೆ ನಾನೇ. ಬರೀ ಕರ್ನಾಟಕ ಸಂಗೀತ ಕಲಿತವಳು, ಪಿಯಾನೊ ಬಾರದೆ ಯೂನಿವರ್ಸಿಟಿಯಲ್ಲಿ ಕಂಪೋಸಿಷನ್ (ಸಂಗೀತ ರಚನೆ) ಮೈನರ್, ಅಂದ್ರೆ ಉಪವಿಷಯವಾಗಿ, ತಗೋಬಹುದಾ ಅಂತ ಕೇಳಿದ್ದೆ. ತಗೊಂಡೆ.

ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಸ್ವರ ಬರೆಯೋ ಪಾಶ್ಚಾತ್ಯ ಪದ್ಧತಿ) ಬೇಗ ಒಗ್ಗಿತು. ಅದನ್ನು ಬರೆಯೋ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್ ಉಚಿತ, ಬರೆದದ್ದನ್ನು ಅಲ್ಲೇ ನುಡಿಸಿ ಕೇಳಿಸುತ್ತೆ. ತಲೆ ತಿಂದಿದ್ದು ಹಾರ್ಮನಿ, ಅಂದ್ರೆ ಹಲವು ಸ್ವರ ಒಟ್ಟಿಗೆ ಹೊಂದಿಸೋದು. ಮೋಹನ ರಾಗಕ್ಕೆ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಕೂರಿಸೋಕೆ ಹೋದರೆ, ಮ, ನಿ ಎರಡೂ ಇಲ್ಲದ ಆ ರಾಗದಲ್ಲಿ ಪೂರ್ತಿ ಟ್ರಯಡ್ (ಒಂದು ಬಿಟ್ಟು ಒಂದರಂತೆ ಮೂರು ಸ್ವರದ ಕಾರ್ಡ್) ಸಿಗೋದು ಎರಡೇ: ಸ-ಗ-ಪ, ದ-ಸ-ಗ. ಮೂರನೆಯದಕ್ಕೆ ಅಂತ ನಿ ಸೇರಿಸಿದರೆ ರಾಗವೇ ಕೈತಪ್ಪುತ್ತೆ. ಕೊನೆಗೆ ಕಾರ್ಡ್ ಸಹವಾಸ ಬಿಟ್ಟು, ಕೆಳಗೆ ಸ-ಪ ಶ್ರುತಿ ಹಿಡಿಸಿ ಎರಡು ಕೊಳಲಿಗೆ ಬರೆದೆ. ಮೇಷ್ಟ್ರಿಗೆ ಹಿಡಿಸಿತು. ಅಪ್ಪಾಜಿ ಮಾತ್ರ ಮಂಡಕ್ಕಿ ತಿನ್ನುತ್ತಾ, “ಸಾಹಿತ್ಯ ಎಲ್ಲಮ್ಮ ಇದಕ್ಕೆ?” ಅಂದ್ರು.

ಕೀಬೋರ್ಡ್ ಬೇಡ ಅಂದಿದ್ರಲ್ಲ ಕೆಲವರು, ಬೇಕೇ ಬೇಕು ರೀ. ಮುಂದಿನ ಸೆಮಿಸ್ಟರ್ ಕೌಂಟರ್‌ಪಾಯಿಂಟ್, ಅಂದ್ರೆ ಒಂದು ಧಾಟಿಯ ಜೊತೆ ಇನ್ನೊಂದು ಸ್ವತಂತ್ರ ಧಾಟಿ ಹೆಣೆಯೋದು.