ಮಸೆಯುವುದು, ತೀಡುವುದು: ಕ್ಷೌರದ ಕತ್ತಿಗೆ ಯಾವ ಮಾತು?

ಪದಾಸಕ್ತ ಗೆಳೆಯರೇ,

ಮಡಚುವ ಕ್ಷೌರದ ಕತ್ತಿಯನ್ನು ಹೊಸದಾಗಿ ಬಳಸುವವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕತ್ತಿಯನ್ನು ಹದವಾಗಿ ಇಟ್ಟುಕೊಳ್ಳುವ ಅಧ್ಯಾಯಕ್ಕೆ ಬಂದಾಗ ಮಾತು ಕೈಕೊಟ್ಟಿತು. ಮೊದಲ ಕರಡಿನಲ್ಲಿ "ಕತ್ತಿಯನ್ನು ಕಲ್ಲಿನ ಮೇಲೆ ಹರಿತ ಮಾಡಬೇಕು" ಎಂದು ಒಂದು ಕಡೆ, "ಪ್ರತಿ ಸಲ ಗಡ್ಡ ಹೆರೆಯುವ ಮೊದಲು ಹರಿತ ಮಾಡಿಕೊಳ್ಳಬೇಕು" ಎಂದು ಇನ್ನೊಂದು ಕಡೆ ಬರೆದಿದ್ದೆ. ಎರಡನೆಯ ವಾಕ್ಯ ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಚರ್ಮದ ಪಟ್ಟಿ, ಅಂದರೆ ಅಲಗನ್ನು ಎಳೆದೆಳೆದು ಅಂಚನ್ನು ನಯ ಮಾಡಿಕೊಳ್ಳುವ ಪಟ್ಟಿ. ಕರಡನ್ನು ಓದಿದ ಗೆಳೆಯರೊಬ್ಬರಿಗೆ ಅದು ಹೇಗೆ ತಿಳಿಯಬೇಕು? ಅವರು ಎರಡು ವಾರ ದಿನವೂ ಕತ್ತಿಯನ್ನು 1000 ಗ್ರಿಟ್ ಕಲ್ಲಿಗೆ ಹಾಕಿದರು (ಗ್ರಿಟ್ ಎಂದರೆ ಕಲ್ಲಿನ ನುಣುಪಿನ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ಕಲ್ಲು ಒರಟು). ಆಮೇಲೆ ತಂದು ತೋರಿಸಿದಾಗ ಕತ್ತಿಯ ಬೆನ್ನಿನ, ಅಂದರೆ ಅದರ ದಪ್ಪ ಅಂಚಿನ, ಎರಡೂ ಬದಿಯಲ್ಲಿ ಸವೆದ ಪಟ್ಟೆ ಹೊಳೆಯುತ್ತಿತ್ತು. ತುದಿಯ ಕಡೆಗೆ ಆ ಪಟ್ಟೆ ಇನ್ನೂ ಅಗಲವಾಗಿತ್ತು. ತಪ್ಪು ಅವರದಲ್ಲ, ನಾನು ಬಳಸಿದ ಪದದ್ದು. ಆ ಕತ್ತಿಯನ್ನು ಕಂಡ ಮೇಲೆ ಈ ವಿಷಯವನ್ನು ನಿಮ್ಮ ಮುಂದಿಡದೆ ಇರಲಾಗಲಿಲ್ಲ.

ಕೆಲಸಗಳು ಎರಡು, ಒಂದಕ್ಕೊಂದು ತದ್ವಿರುದ್ಧ. ಕಲ್ಲಿನ ಮೇಲೆ ಕತ್ತಿಯ ಬೆನ್ನು ಮತ್ತು ಬಾಯಿ (ಕತ್ತರಿಸುವ ಅಂಚು) ಎರಡೂ ತಾಗುವಂತೆ ಮಲಗಿಸಿ, ಬಾಯಿಯನ್ನು ಮುಂದು ಮಾಡಿ ತಳ್ಳುತ್ತೇವೆ. ಬೆನ್ನಿನ ದಪ್ಪವೇ ಕೋನವನ್ನು ನಿರ್ಧರಿಸುವುದರಿಂದ ಕೈಯಳತೆಯಲ್ಲಿ ಎತ್ತಿ ಹಿಡಿಯುವ ಪ್ರಶ್ನೆಯೇ ಇಲ್ಲ. ಎರಡೂ ಬದಿ ಸೇರಿ ಸುಮಾರು 16–17 ಡಿಗ್ರಿ ಕೋನ ತಾನಾಗಿ ಒದಗುತ್ತದೆ. 1000 ಗ್ರಿಟ್‌ನ ಕಲ್ಲಿನಿಂದ ಹಿಡಿದು 4000, 8000, ಅದಕ್ಕೂ ನುಣುಪಾದ ಕಲ್ಲಿನವರೆಗೆ ಸಾಗುತ್ತೇವೆ. ಇಲ್ಲಿ ಲೋಹ ಸವೆಯುತ್ತದೆ, ಸವೆಯಲೇಬೇಕು. ಚರ್ಮದ ಪಟ್ಟಿಯ ಮೇಲಾದರೋ ಬೆನ್ನು ಮುಂದೆ, ಬಾಯಿ ಹಿಂದೆ. ಲೋಹ ಹೆಚ್ಚುಕಡಿಮೆ ಸವೆಯುವುದೇ ಇಲ್ಲ. ಬಳಕೆಯಲ್ಲಿ ಅತ್ತಿತ್ತ ಬಾಗಿದ ಅತಿ ತೆಳುವಾದ ಅಂಚು ನೆಟ್ಟಗಾಗುತ್ತದೆ, ನಯವಾಗುತ್ತದೆ. ಕಲ್ಲಿನ ಕೆಲಸ ಕೆಲವು ತಿಂಗಳಿಗೊಮ್ಮೆ ಸಾಕು, ಚರ್ಮದ ಕೆಲಸ ಪ್ರತಿ ಸಲವೂ ಬೇಕು. ಎರಡಕ್ಕೂ "ಹರಿತ ಮಾಡು" ಎಂದರೆ ಕಲಿಯುವವರ ಕತ್ತಿ ಹಾಳಾಗುತ್ತದೆ.

ಕಲ್ಲಿನ ಕೆಲಸಕ್ಕೆ "ಮಸೆ" ಎಂಬುದು ನನ್ನ ಆಯ್ಕೆ. ಕುಡುಗೋಲು ಮಸೆಯುತ್ತೇವೆ, ಮಸೆಗಲ್ಲು ಎನ್ನುತ್ತೇವೆ. ಹಗೆಯ ಮೇಲೆ ಹಲ್ಲು ಮಸೆಯುವುದೂ ಇದೇ ಧಾತು. ಗಟ್ಟಿಯಾದದ್ದಕ್ಕೆ ಗಟ್ಟಿಯಾದದ್ದು ಉಜ್ಜಿ ಸವೆಯುವ ಚಿತ್ರ ಅದರೊಳಗೇ ಇದೆ. ಅದರ ಒಂದೇ ಒಂದು ತೊಡಕೆಂದರೆ ಹಲ್ಲು ಮಸೆಯುವವನ ಬಿಗಿ. ಕೇಳಿದವರು ಕತ್ತಿಯನ್ನು ಒತ್ತಿ ಹಿಡಿಯುತ್ತಾರೆ. ಕ್ಷೌರದ ಕತ್ತಿಗೆ ಕೊನೆಯ ಕಲ್ಲಿನ ಮೇಲೆ ಅದರ ಸ್ವಂತ ಭಾರವೇ ಸಾಕು. ಹಾಗಾಗಿ "ಹಗುರವಾಗಿ ಮಸೆಯಿರಿ" ಎಂದು ಪ್ರತಿ ಪುಟದಲ್ಲೂ ಹೇಳಬೇಕಾಗಿದೆ.

"ಸಾಣೆ ಹಿಡಿ" ಏಕೆ ಬೇಡ ಎಂದು ಕೆಲವರು ಕೇಳಬಹುದು. ಸಂಸ್ಕೃತದ ಶಾಣದಿಂದ ಬಂದ ಈ ಪದ ಸುಂದರವಾದದ್ದೇ, ಬುದ್ಧಿಗೂ ನಾವು ಸಾಣೆ ಹಿಡಿಯುತ್ತೇವೆ. ಆದರೆ "ಹಿಡಿ" ಎಂಬ ಕ್ರಿಯಾಪದವನ್ನು ಗಮನಿಸಿ. ಅಲಗನ್ನು ಹಿಡಿದುಕೊಂಡಿರುತ್ತೇವೆ, ತಿರುಗುವುದು ಚಕ್ರ. ಕಿಡಿ ಹಾರುತ್ತದೆ, ಅಲಗು ಕಾಯುತ್ತದೆ. ತೆಳುವಾದ ಅಲಗು ಹಾಗೆ ಕಾದರೆ ಉಕ್ಕಿನ ಹದ ಕೆಟ್ಟು ಮೆತ್ತಗಾಗುತ್ತದೆ. ಇನ್ನು ಗಂಧ ತೇಯುವ ಕಲ್ಲೂ ಸಾಣೆಕಲ್ಲೇ ಆಗಿರುವುದರಿಂದ ಹೊಸಬರಿಗೆ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಕ್ಷೌರದ ಕತ್ತಿಯ ಮಟ್ಟಿಗೆ ಸಾಣೆಯನ್ನು ದೂರವಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಚರ್ಮದ ಕೆಲಸಕ್ಕೆ ಪದ ಹುಡುಕಲು ಹೆಚ್ಚು ದಿನ ಹಿಡಿಯಿತು. "ಉಜ್ಜು" ಎಂದರೆ ಬಲ ಹಾಕುವುದು, ಅದು ಬೇಡ. "ಸವರು" ಮೃದುವಾಗಿದೆ, ಆದರೆ ತಲೆ ಸವರು ಎಂಬಲ್ಲಿ ಕತ್ತರಿಸುವ ಅರ್ಥವೂ ಅದಕ್ಕಿರುವುದರಿಂದ ಕತ್ತಿಯ ಪಕ್ಕದಲ್ಲಿ ನಿಲ್ಲಿಸಲು ಮನಸ್ಸು ಬರಲಿಲ್ಲ. "ಒರೆಸು" ಎಂದರೆ ನೀರು ಒರೆಸುವುದಾಯಿತು. ಅದನ್ನೂ ಮಾಡಬೇಕು, ಆದರೆ ಅದು ಬೇರೆ. ಕೊನೆಗೆ ಸಿಕ್ಕಿದ್ದು "ತೀಡು". ಗಾಳಿ ತೀಡುತ್ತದೆ, ಹಣೆಗೆ ತಿಲಕ ತೀಡುತ್ತೇವೆ, ಹುಬ್ಬು ತೀಡುತ್ತೇವೆ. ಎಲ್ಲದರಲ್ಲೂ ಒಂದೇ ದಿಕ್ಕಿನ, ಹಗುರವಾದ, ಮೇಲ್ಮೈಗೆ ಅಂಟಿಕೊಂಡ ಚಲನೆಯಿದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಸೆಳೆದದ್ದು "ತಿದ್ದಿ ತೀಡು" ಎಂಬ ಜೋಡಿ. ತಿದ್ದಿದ ಮೇಲೆ ಉಳಿಯುವ ನಯಗೊಳಿಸುವ ಕೆಲಸವೇ ತೀಡುವುದು. ಕಲ್ಲು ತಿದ್ದಿದ್ದನ್ನು ಚರ್ಮ ತೀಡುತ್ತದೆ ಎಂದು ಬರೆದಾಗ ಆ ವಾಕ್ಯಕ್ಕೆ ವಿವರಣೆಯೇ ಬೇಕಾಗಲಿಲ್ಲ.

ಈ ಪದ ಕೈಗೂ ಒಂದು ಪಾಠ ಹೇಳುತ್ತದೆ. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಜೋತುಬಿದ್ದರೆ ಚರ್ಮ ಅಂಚನ್ನು ಸುತ್ತುವರಿದು ದುಂಡಗೆ ಮಾಡುತ್ತದೆ. ಕತ್ತಿ ಒಂದು ಕೊನೆಗೆ ಬಂದಾಗ ಬೆನ್ನು ಚರ್ಮವನ್ನು ಬಿಡದಂತೆ ಬೆನ್ನಿನ ಮೇಲೆಯೇ ಹೊರಳಿಸಬೇಕು, ಬಾಯಿಯ ಮೇಲಲ್ಲ. ಕಲಿಯುವಾಗ ನಾನು ಅವಸರದಲ್ಲಿ ಬಾಯಿಯ ಮೇಲೆ ಹೊರಳಿಸಿ, ಹೊಸ ಪಟ್ಟಿಯಲ್ಲಿ ಹೆಬ್ಬೆರಳ ಅಗಲದ ಗಾಯ ಮಾಡಿದ್ದೇನೆ. ಆಗ ನನ್ನ ತಲೆಯಲ್ಲಿದ್ದ ಪದ "ಉಜ್ಜು". ತೀಡುವವರು ಅಷ್ಟು ಅವಸರ ಮಾಡುವುದಿಲ್ಲ.

ಇನ್ನು "ಅಂಚು". ಅಲಗಿನ ಕತ್ತರಿಸುವ ಗೆರೆಗೆ ಕನ್ನಡದಲ್ಲಿ ಬಾಯಿ ಎನ್ನುತ್ತೇವೆ, ಧಾರೆ ಎನ್ನುತ್ತೇವೆ, ಎರಡನ್ನೂ ಸೇರಿಸಿ ಬಾಯಿಧಾರೆ ಎಂದೂ ಹೇಳುತ್ತೇವೆ. ಧಾರೆಗೂ ಕ್ಷೌರದ ಕತ್ತಿಗೂ ನಂಟು ಹಳೆಯದು: ಕಠೋಪನಿಷತ್ತಿನ "ಕ್ಷುರಸ್ಯ ಧಾರಾ ನಿಶಿತಾ ದುರತ್ಯಯಾ" ಎಂಬಲ್ಲಿ ಕ್ಷುರವೆಂದರೆ ಈ ಕತ್ತಿಯೇ, ಕ್ಷೌರ ಎಂಬ ಪದ ಹುಟ್ಟಿದ್ದೂ ಅದರಿಂದಲೇ. "ನಿಶಿತ" ಎಂದರೆ ಹರಿತವಾದ; ಅದರ ಧಾತುವಿಗೆ ಧಾತುಪಾಠ, ಅಂದರೆ ಸಂಸ್ಕೃತ ಧಾತುಗಳ ಹಳೆಯ ಪಟ್ಟಿ, ಕೊಡುವ ಅರ್ಥ "ತನೂಕರಣ", ಅಂದರೆ ತೆಳುವಾಗಿಸುವುದು. ಕಲ್ಲಿನ ಮೇಲೆ ನಡೆಯುವುದು ಅಕ್ಷರಶಃ ಅದೇ: ಎರಡು ಇಳಿಜಾರುಗಳು ಒಂದು ಗೆರೆಯಲ್ಲಿ ಕೂಡುವವರೆಗೆ ಲೋಹವನ್ನು ತೆಳುವಾಗಿಸುತ್ತೇವೆ. ಕೈಪಿಡಿಯಲ್ಲಿ ನಾನು "ಬಾಯಿ" ಎಂದೇ ಬರೆಯುತ್ತಿದ್ದೇನೆ. ಬೆನ್ನಿನ ಎದುರು ಬಾಯಿ ಎಂದರೆ ಯಾರಿಗೂ ದಿಕ್ಕು ತಪ್ಪುವುದಿಲ್ಲ.

ಚೂಪು, ಮೊನಚು ಇವೆರಡನ್ನೂ ದಯವಿಟ್ಟು ಕ್ಷೌರದ ಕತ್ತಿಗೆ ಹಚ್ಚಬೇಡಿ. ಸೂಜಿ ಚೂಪು, ಮುಳ್ಳು ಮೊನಚು, ಕತ್ತಿ ಹರಿತ.

ಗ್ರಿಟ್‌ಗೆ "ತರಿ" ಎಂದು ಬರೆದು ಹೊಡೆದುಹಾಕಿದೆ. ತರಿ ಎಂದರೆ ಒರಟು ಕಣ. ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪಾಗುವಾಗ "8000 ತರಿ" ಎಂದರೆ ಓದುಗರು ಉಲ್ಟಾ ತಿಳಿಯುತ್ತಾರೆ.

ಕತ್ತಿ ಕೆಡುವುದಕ್ಕೂ ನಮ್ಮಲ್ಲಿ ಎರಡು ಪದಗಳಿವೆ: ಮೊಂಡು ಮತ್ತು ಮುಕ್ಕು. ಅಂಚು ದುಂಡಗಾದರೆ ಮೊಂಡು, ಚೂರು ಹಾರಿಹೋದರೆ ಮುಕ್ಕು. ಕೂದಲು ಕತ್ತರಿಸಿ ಕತ್ತರಿಸಿ ಅಲಗು ಮೊಂಡಾಗುತ್ತದೆ ಎಂದೇ ನಾನು ಬಹಳ ಕಾಲ ಬರೆಯುತ್ತಿದ್ದೆ. 2020ರಲ್ಲಿ ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು ಬಿಸಾಡುವ ರೇಜರಿನ ಅಲಗನ್ನು ಸೂಕ್ಷ್ಮದರ್ಶಕದಡಿ ಗಮನಿಸಿ, ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿರುವ ಕೂದಲು ಕೂಡ ಅಂಚನ್ನು ಅತಿ ಚಿಕ್ಕ ಚೂರುಗಳಾಗಿ ಒಡೆಯಬಲ್ಲದೆಂದು ತೋರಿಸಿದರು. ಉಕ್ಕಿನ ಒಳರಚನೆ ಎಲ್ಲ ಕಡೆ ಒಂದೇ ಸಮನಾಗಿರದಿರುವುದು, ಕೂದಲು ಓರೆಯಾಗಿ ಬಾಗಿ ತಾಗುವುದು ಇದಕ್ಕೆ ಕಾರಣಗಳು. ಹಾಗಾದರೆ ಮುಕ್ಕಾಗಿ ಮುಕ್ಕಾಗಿಯೇ ಕತ್ತಿ ಕೆಡುವುದೂ ಉಂಟು. ಬರಿಗಣ್ಣಿಗೆ ಕಾಣುವ ಮುಕ್ಕನ್ನು ಚರ್ಮ ಸರಿಪಡಿಸಲಾರದು, ಅದು ಕಲ್ಲಿಗೇ ಹೋಗಬೇಕು. ಬಾಗಿದ್ದನ್ನು ತೀಡಬಹುದು, ಮುಕ್ಕಾದದ್ದನ್ನು ಮಸೆಯಬೇಕು ಎಂದು ಈಗ ಬರೆಯಲು ಸಾಧ್ಯವಾಗಿರುವುದು ಈ ಪದಗಳು ನಮ್ಮಲ್ಲಿ ಮೊದಲೇ ಇದ್ದುದರಿಂದ.

ಈಗ ನನ್ನ ನಿಜವಾದ ಪ್ರಶ್ನೆಗಳು. "ತೀಡು" ಎಂಬುದನ್ನು ಅಲಗು ಮತ್ತು ಚರ್ಮಕ್ಕೆ ಸಂಬಂಧಿಸಿ ಯಾರಾದರೂ ಬಾಯಿಮಾತಿನಲ್ಲಿ ಕೇಳಿದ್ದೀರಾ? ಇದಕ್ಕಿಂತ ಹಳೆಯ, ಕಸುಬಿನವರದೇ ಆದ ಪದವಿದ್ದರೆ ನನ್ನದನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಇನ್ನೊಂದಕ್ಕೆ ನನ್ನ ಬಳಿ ಪದವೇ ಇಲ್ಲ. ಒರಟು ಕಲ್ಲಿನ ಮೇಲೆ ಒಂದೇ ಬದಿಯನ್ನು ಮಸೆಯುತ್ತ ಹೋದರೆ, ಲೋಹ ಅಂಚನ್ನು ದಾಟಿ ಇನ್ನೊಂದು ಬದಿಗೆ ಕೂದಲಿನಂತೆ ಮಡಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ; ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಜಾರಿಸಿ ಹೊರಗೆ ತೆಗೆದಾಗ ಚರ್ಮಕ್ಕೆ ಸಣ್ಣಗೆ ತೊಡರುತ್ತದೆ. ಬದಿ ಬದಲಿಸಿ ಮಸೆದರೆ ಅದೂ ಬದಿ ಬದಲಿಸುತ್ತದೆ, ನುಣುಪು ಕಲ್ಲಿನ ಮೇಲೆ ಕಳಚಿಹೋಗುತ್ತದೆ. "ಸಿಬಿರು" ಎಂದು ಬರೆದು ನೋಡಿದೆ, ಆದರೆ ಅದು ಮರದಿಂದ ಎದ್ದ ಚೂರು. ಇದು ಇನ್ನೂ ಅಲಗಿಗೆ ಅಂಟಿಕೊಂಡೇ ಇರುತ್ತದೆ. ಉಳಿ ಮಸೆಯುವ ಬಡಗಿಗಳಿಗೆ, ಕುಡುಗೋಲು ಮಸೆಯುವ ರೈತರಿಗೆ ಇದು ದಿನನಿತ್ಯ ಬೆರಳಿಗೆ ತಾಗುವಂಥದ್ದು. ಅವರು ಇದನ್ನು ಏನೆಂದು ಕರೆಯುತ್ತಾರೆ? ನಿಮ್ಮ ಪರಿಚಯದವರಲ್ಲಿ ಅಂಥವರಿದ್ದರೆ, ಮೇಲೆ ಹೇಳಿದಂತೆ ಹೆಬ್ಬೆರಳು ಜಾರಿಸಿ ತೋರಿಸಿ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳುಹಿಸಿ.