ಬೇರೆ ದೇಶದ ಮಗುವಿಗೆ ಸ್ಪಾನ್ಸರ್ ಆದರೆ ದುಡ್ಡು ಆ ಮಗುವಿಗೇ ಸೇರುತ್ತಾ?

ಹೊಸಬ:
ಉಗಾಂಡಾದ ಏಳು ವರ್ಷದ ಹುಡುಗಿಯೊಬ್ಬಳ ಫೋಟೋ ಮೂರು ದಿನದಿಂದ ನನ್ನ ಮೊಬೈಲ್‌ನಲ್ಲಿ ತೆರೆದೇ ಇದೆ. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಇವಳ ಓದು, ಊಟ, ಔಷಧಿ ನಡೆಯುತ್ತದಂತೆ. ಮನಸ್ಸೇನೋ ಇದೆ. ಆದರೆ ಮುಖ ನೋಡಿ ಮಗು ಆರಿಸೋದು ಅಂಗಡಿಯಲ್ಲಿ ಸಾಮಾನು ಆರಿಸಿದ ಹಾಗೆ ಅನಿಸಿ ಒಂಥರಾ ಮುಜುಗರ. ದುಡ್ಡು ನಿಜಕ್ಕೂ ಅವಳಿಗೇ ಹೋಗುತ್ತಾ? ಅನುಭವ ಇದ್ದವರು ಹೇಳಿ, ಬುದ್ಧಿವಾದ ಬೇಡ.

ಮಳೆಬಿಲ್ಲು:
ಕೀನ್ಯಾದ ಒಬ್ಬ ಹುಡುಗನಿಗೆ ಒಂಬತ್ತು ವರ್ಷದಿಂದ ಕಳಿಸುತ್ತಿದ್ದೇನೆ. ಮೊದಲ ಕಾಗದದಲ್ಲಿ ತನ್ನ ಅಂಗೈ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದ, ಹಾಳೆ ಸಾಲದೆ ಕಿರುಬೆರಳು ಅರ್ಧಕ್ಕೇ ನಿಂತಿತ್ತು. ಕೆಳಗೆ ಯಾರೋ ದೊಡ್ಡವರ ಅಕ್ಷರ: ಚೆನ್ನಾಗಿದ್ದೇನೆ, ನಿಮಗೆ ವಂದನೆ. ಆಮೇಲಿನ ಐದಾರು ಕಾಗದಗಳದ್ದೂ ಅದೇ ರಾಗ, ಬೇಜಾರಾಗಿ ಬಿಡೋಣ ಅಂದುಕೊಂಡಿದ್ದೆ. ಒಮ್ಮೆ ಸುಮ್ನೆ, ಮನೆಗೆ ನೀರು ಯಾರು ತರ್ತಾರೆ ಅಂತ ಕೇಳಿದೆ. ಅಕ್ಕ ತರ್ತಾಳೆ, ಅವಳು ಈಗ ಶಾಲೆಗೆ ಹೋಗಲ್ಲ ಅಂತ ಉತ್ತರ ಬಂತು. ಅಕ್ಕನಿಗೆ ಸ್ಪಾನ್ಸರ್ ಇಲ್ಲ.

ಲೆಕ್ಕದಪುಸ್ತಕ:
ಮೊದಲು ಯಾವ ಥರದ ಯೋಜನೆ ಅಂತ ಕೇಳಿ. ಕೆಲವರು ಆಯಾ ಮಗುವಿನ ಫೀಸು, ಯೂನಿಫಾರ್ಮು, ಆರೋಗ್ಯ ತಪಾಸಣೆಗೇ ಖರ್ಚು ಮಾಡುತ್ತಾರೆ. ವರ್ಲ್ಡ್ ವಿಷನ್ ಥರದ ಸಂಸ್ಥೆಯವರು ಎಲ್ಲರ ದುಡ್ಡು ಒಟ್ಟು ಮಾಡಿ ಇಡೀ ಊರಿನ ನೀರು, ಶಾಲೆ, ಆರೋಗ್ಯಕ್ಕೆ ಹಾಕುತ್ತಾರೆ, ಫೋಟೋದ ಮಗು ಆ ಊರಿನ ಒಂದು ಮುಖ ಅಷ್ಟೇ. ಇದು ಮೋಸ ಅಲ್ಲ, ಅವರೇ ಬರೆದಿರುತ್ತಾರೆ. ನಾವು ಓದಲ್ಲ.

ಉಪಯೋಗ ಇದೆಯಾ ಅಂದರೆ, ಕಂಪ್ಯಾಷನ್ ಇಂಟರ್‌ನ್ಯಾಷನಲ್ ಸಂಸ್ಥೆಯ ಸ್ಪಾನ್ಸರ್‌ಶಿಪ್ ಬಗ್ಗೆ ಬ್ರೂಸ್ ವೈಡಿಕ್ ಮತ್ತು ಇನ್ನಿಬ್ಬರ ಅಧ್ಯಯನ 2013ರಲ್ಲಿ ಬಂತು. ಉಗಾಂಡಾ, ಕೀನ್ಯಾ ಸೇರಿ ಆರು ದೇಶ, ಹತ್ತು ಸಾವಿರಕ್ಕೂ ಹೆಚ್ಚು ಜನ. ನೆರವು ಸಿಕ್ಕ ಮಕ್ಕಳು ಒಂದರಿಂದ ಒಂದೂವರೆ ವರ್ಷದಷ್ಟು ಜಾಸ್ತಿ ಓದಿದ್ದರು. ಆದರೆ ಅದು ಮೊದಲನೇ ಥರದ ಯೋಜನೆ, ಸ್ಥಳೀಯ ಚರ್ಚುಗಳ ಮೂಲಕ ನಡೆಯುವಂಥದ್ದು. ಅದೇ ಫಲ ಎಲ್ಲ ಸಂಸ್ಥೆಗೂ ಅಂಟಿಸೋಕಾಗಲ್ಲ.

ಮೂಲೆಮನೆ:
ಕಾಗದ, ಅನುವಾದ, ಫೋಟೋ ಎಲ್ಲಕ್ಕೂ ಖರ್ಚಿದೆ ಅಲ್ವಾ? ನಿಮಗೆ ಬಡತನ ಕಡಿಮೆಯಾದರೆ ಸಾಕು ಅಂತಿದ್ದರೆ ಗಿವ್‌ಡೈರೆಕ್ಟ್ಲಿ ಅನ್ನೋ ಸಂಸ್ಥೆ ನೋಡಿ, ಬಡ ಕುಟುಂಬದ ಕೈಗೇ ದುಡ್ಡು ಹೋಗುತ್ತೆ, ಬಹಳ ಸಲ ಮೊಬೈಲ್ ಮೂಲಕವೇ. ಆದರೆ ನಿಮಗೆ ಯಾವ ಫೋಟೋನೂ ಸಿಗಲ್ಲ, ಕಾಗದನೂ ಬರಲ್ಲ. ಇನ್ನೊಂದು, ಸ್ಪಾನ್ಸರ್‌ಶಿಪ್ ನೆರವು ಯಾವಾಗ ಬೇಕಾದರೂ ನಿಲ್ಲಬಹುದು. 2017ರಲ್ಲಿ ವಿದೇಶಿ ಹಣಕ್ಕೆ ಸರ್ಕಾರದ ಅನುಮತಿ ಸಿಗದೆ ಇದೇ ಕಂಪ್ಯಾಷನ್ ಭಾರತದಿಂದ ಹೊರಟಾಗ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಮಕ್ಕಳ ನೆರವು ಕಡಿದುಹೋಯಿತು. ಆ ಮಕ್ಕಳು ಮಾಡಿದ ತಪ್ಪಾದರೂ ಏನು?

ಹೊಸಬ:
ಆ ಹುಡುಗಿಯ ಫೋಟೋ ಹಾಕಿದ ಸಂಸ್ಥೆಗೆ ಮೇಲ್ ಹಾಕಿ ಕೇಳಿದೆ. ದುಡ್ಡು ಇಡೀ ಊರಿಗಂತೆ. ವಿಚಿತ್ರ ಅಂದರೆ, ಅದನ್ನು ಕೇಳಿದ ಮೇಲೆ ಮುಜುಗರ ಅರ್ಧ ಕಡಿಮೆಯಾಯಿತು. ಇವತ್ತೇ ಫಾರ್ಮ್ ತುಂಬುತ್ತೇನೆ. ಮಳೆಬಿಲ್ಲು ಅವರೇ, ಆ ಅಕ್ಕ ಮತ್ತೆ ಶಾಲೆಗೆ ಹೋದಳಾ?

ಮಳೆಬಿಲ್ಲು:
ಎರಡು ಸಲ ಕೇಳಿದೆ. ಹುಡುಗ ತನ್ನ ಫುಟ್‌ಬಾಲ್ ಬಗ್ಗೆ ಬರೆದಿದ್ದ.