ನ್ಯಾನೋಕೊಳವೆಯ ‘ಕೈರಾಲಿಟಿ’ಗೆ ‘ತಿರುಚು’ ಸರಿಯೇ?

ಮಾನ್ಯರೇ,

ಪದವಿಪೂರ್ವ ವಿದ್ಯಾರ್ಥಿಗಳಿಗಾಗಿ ಕಾರ್ಬನ್ ನ್ಯಾನೋಕೊಳವೆಗಳ, ಅಂದರೆ ಇಂಗಾಲದ ಪರಮಾಣುಗಳಿಂದಾದ ಅತಿ ಸೂಕ್ಷ್ಮ ಕೊಳವೆಗಳ, ರಚನೆಯನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಟ್ಯೂಬ್’ ಎಂಬುದಕ್ಕೆ ‘ಕೊಳವೆ’ ಸಾಕು. ‘ಪ್ರನಾಳ’ ಎಂದರೆ ಪ್ರಯೋಗಶಾಲೆಯ ಗಾಜಿನ ನಳಿಗೆಯೇ ನೆನಪಿಗೆ ಬರುತ್ತದೆ. ತೊಡಕಿರುವುದು ‘ಕೈರಾಲಿಟಿ’ಯಲ್ಲಿ, ಅಂದರೆ ಕೊಳವೆಯಾಗುವಂತೆ ಹಾಳೆಯನ್ನು ಯಾವ ದಿಕ್ಕಿನಲ್ಲಿ ಸುತ್ತಿದೆ ಎಂಬುದನ್ನು ಸೂಚಿಸುವ ಪದದಲ್ಲಿ. ಇದಕ್ಕೆ ‘ತಿರುಚು’, ‘ತಿರುಚಿಕೆ’ ಎಂಬ ಸಲಹೆಗಳು ಬಂದಿವೆ. ಅವು ಓದುಗರಿಗೆ ರಚನೆಯನ್ನೇ ತಪ್ಪಾಗಿ ತಿಳಿಸುತ್ತವೆಂಬುದು ನನ್ನ ಖಚಿತ ಅಭಿಪ್ರಾಯ.

ಒಂಟಿಗೋಡೆಯ ಕೊಳವೆಯ ಗೋಡೆಯೆಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಗ್ರ್ಯಾಫೀನ್ ಹಾಳೆ. ಅದರಲ್ಲಿ ಪ್ರತಿಯೊಂದು ಇಂಗಾಲದ ಪರಮಾಣುವೂ ನೆರೆಯ ಮೂರು ಪರಮಾಣುಗಳೊಂದಿಗೆ ಸುಮಾರು 0.142 ನ್ಯಾನೋಮೀಟರ್ ಉದ್ದದ ಬಂಧಗಳಿಂದ ಕೂಡಿಕೊಂಡು ಷಟ್ಕೋನಗಳ ಜಾಲವಾಗಿರುತ್ತದೆ. ಕಾಗದದ ಮೇಲೆ ಅಂಥ ಜಾಲವನ್ನು ಬರೆದು, ಒಂದು ಮೂಲೆಯಿಂದ ಹೊರಟು, ಒಂದು ದಿಕ್ಕಿನಲ್ಲಿ 11 ಹೆಜ್ಜೆ (ಒಂದು ಷಟ್ಕೋನದಿಂದ ಪಕ್ಕದ ಷಟ್ಕೋನದ ಅದೇ ಮೂಲೆಗೆ ಒಂದು ಹೆಜ್ಜೆ), ಅದಕ್ಕೆ 60 ಡಿಗ್ರಿ ಓರೆಯಾದ ಇನ್ನೊಂದು ದಿಕ್ಕಿನಲ್ಲಿ 9 ಹೆಜ್ಜೆ ಎಣಿಸಿ, ತಲುಪಿದ ಮೂಲೆಯು ಹೊರಟ ಮೂಲೆಯ ಮೇಲೆಯೇ ಕೂರುವಂತೆ ಕಾಗದವನ್ನು ಸುತ್ತಿದರೆ (11, 9) ಎಂಬ ಕೊಳವೆ ಸಿಗುತ್ತದೆ. ಇಲ್ಲಿ ಹಾಳೆಯನ್ನು ಯಾರೂ ತಿರುಚಿಲ್ಲ. ಓರೆಯಾಗಿ ಸುತ್ತಿದ್ದಾರೆ, ಅಷ್ಟೇ. ಆದ್ದರಿಂದ ಷಟ್ಕೋನಗಳ ಸಾಲು ಕೊಳವೆಯ ಮೈಮೇಲೆ ಸುರುಳಿಯಾಗಿ ಏರುತ್ತದೆ. ಜಪಾನಿನ ಸುಮಿಯೋ ಈಜಿಮಾ ಅವರು 1991ರ ಪ್ರಬಂಧದಲ್ಲಿ, ತಾವು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಹಲವು ಗೋಡೆಗಳ ಕೊಳವೆಗಳನ್ನು ವರ್ಣಿಸುವಾಗ ಈ ಸುರುಳಿಯನ್ನೇ ಎತ್ತಿ ಹೇಳಿದ್ದರು. ‘ತಿರುಚು’ ಎಂಬ ಭಾವನೆ ಬಹುಶಃ ಇಲ್ಲಿಂದಲೇ ಮೂಡಿರಬೇಕು.

ಕೊಳವೆಯ ಎರಡು ತುದಿಗಳನ್ನು ಹಿಡಿದು ನಿಜವಾಗಿಯೇ ತಿರುಚಬಹುದು, ಹಾಗೆ ತಿರುಚಿದಾಗ ಅದರ ವಿದ್ಯುತ್ ಗುಣವೂ ಬದಲಾಗುತ್ತದೆ ಎಂಬುದು ಪ್ರಯೋಗಗಳಿಂದ ತಿಳಿದಿದೆ. ಆ ಪದವನ್ನು ಅದಕ್ಕೇ ಮೀಸಲಿಡಬೇಕು.

ಸುತ್ತಿದ ದಿಕ್ಕಿಗೆ ಇಷ್ಟು ಮಹತ್ವವೇಕೆ ಎಂಬುದನ್ನು (10, 10) ಮತ್ತು (11, 9) ಕೊಳವೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಎರಡರ ವ್ಯಾಸವೂ ಸುಮಾರು 1.36 ನ್ಯಾನೋಮೀಟರ್. ಆದರೂ ಮೊದಲನೆಯದು ಲೋಹದಂತೆ ವಿದ್ಯುತ್ತನ್ನು ಹರಿಸುತ್ತದೆ, ಎರಡನೆಯದು ಅರೆವಾಹಕ. ಎರಡು ಸಂಖ್ಯೆಗಳ ವ್ಯತ್ಯಾಸವು 3ರಿಂದ ಭಾಗವಾದರೆ ಲೋಹಗುಣ, ಇಲ್ಲವಾದರೆ ಅರೆವಾಹಕ ಗುಣ ಎಂಬುದು ಸ್ಥೂಲ ನಿಯಮ. ಬಾಗಿದ ಗೋಡೆಯ ಕಾರಣದಿಂದ (9, 0)ದಂಥವುಗಳಲ್ಲಿ ಎಲೆಕ್ಟ್ರಾನುಗಳು ದಾಟಬೇಕಾದ ಸಣ್ಣದೊಂದು ಶಕ್ತಿಯ ಅಂತರ ಉಳಿದುಬಿಡುವುದರಿಂದ ಅವು ಪೂರ್ತಿ ಲೋಹದಂತಿರುವುದಿಲ್ಲ. ಬಿಗುವಿನ ಮಾತು ಬೇರೆ: ಅದರ ಅಳತೆಯಾದ ಯಂಗ್ ಮಾಪಾಂಕವು ಸುಮಾರು ಒಂದು ಟೆರಾಪ್ಯಾಸ್ಕಲ್, ಅಂದರೆ ಉಕ್ಕಿನ ಸುಮಾರು ಐದು ಪಟ್ಟು, ಇರುವುದು ಬಂಧಗಳ ಬಲದಿಂದ, ಸುತ್ತಿದ ದಿಕ್ಕು ಅದನ್ನು ಹೆಚ್ಚು ಬದಲಿಸುವುದಿಲ್ಲ.

ಇನ್ನೊಂದು ತೊಡಕೆಂದರೆ, ‘ಕೈರಾಲಿಟಿ’ಯನ್ನು ಎರಡು ಅರ್ಥಗಳಲ್ಲಿ ಬಳಸುತ್ತಾರೆ. ರಸಾಯನಶಾಸ್ತ್ರದಲ್ಲಿ ಅದು ಕನ್ನಡಿಯ ಪ್ರತಿಬಿಂಬದೊಂದಿಗೆ ಹೊಂದಿಕೊಳ್ಳದಿರುವ ಗುಣ. ಈ ಅರ್ಥದಲ್ಲಿ (11, 9)ಕ್ಕೆ ಎಡ, ಬಲ ಎಂಬ ಎರಡು ರೂಪಗಳಿದ್ದು, (10, 10) ಅಥವಾ (10, 0)ಕ್ಕೆ ಅವು ಇಲ್ಲ. ನ್ಯಾನೋಕೊಳವೆಗಳ ಮೇಲೆ ಕೆಲಸ ಮಾಡುವವರಾದರೋ ಆ ಜೋಡಿಸಂಖ್ಯೆಯನ್ನೇ ಕೊಳವೆಯ ಕೈರಾಲಿಟಿ ಎಂದುಬಿಡುತ್ತಾರೆ. ಮೊದಲ ಅರ್ಥಕ್ಕೆ ‘ಎಡಬಲತನ’, ಎರಡನೆಯದಕ್ಕೆ ‘ಸುತ್ತುದಿಕ್ಕು’ ಎಂದು ಬೇರ್ಪಡಿಸಬೇಕೆಂಬುದು ನನ್ನ ಸೂಚನೆ.

ಇನ್ನು ಕೊಳವೆಯ ಬಗೆಗಳ ಹೆಸರುಗಳು. (10, 0) ಬಗೆಯ ‘ಜಿಗ್‌ಜಾಗ್’ಗೆ ‘ಅಂಕುಡೊಂಕು’ ಸಹಜವಾಗಿ ಒಪ್ಪುತ್ತದೆ. (10, 10) ಬಗೆಯ ‘ಆರ್ಮ್‌ಚೇರ್’ಗೆ ‘ಆರಾಮಕುರ್ಚಿ’ ಬೇಡ, ಏಕೆಂದರೆ ಕೊಳವೆಯ ಕತ್ತರಿಸಿದ ಅಂಚಿನಲ್ಲಿ ಬಂಧಗಳು ಏರಿ, ಮಟ್ಟಸವಾಗಿ ಸಾಗಿ, ಇಳಿದು, ಮತ್ತೆ ಮಟ್ಟಸವಾಗುವ ರೂಪದಲ್ಲಿ ಕಾಣುವುದು ಕುರ್ಚಿಯ ತೋಳುಗಳೇ ಹೊರತು ಒರಗುವ ಆರಾಮವಲ್ಲ. ‘ತೋಳುಕುರ್ಚಿ’ ಎಂದು ಬರೆದಿದ್ದೇನೆ.

ಇವೆರಡರ ನಡುವಿನ ‘ಕೈರಲ್’ ಕೊಳವೆಗಳಿಗೆ ‘ಓರೆಸುತ್ತಿನ ಕೊಳವೆ’ ಎನ್ನಬಹುದೇ? ‘ಸುತ್ತುದಿಕ್ಕು’ ಎಂಬ ಸಮಾಸದ ಬಗ್ಗೆಯೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.